ಸ್ಪ್ಯಾನಿಶ್‌ನ ‘ದೆರೆಚೊ’ ಪದವನ್ನು ನಾನು ಕಲಿತ ಬಗೆ

ಸ್ಪ್ಯಾನಿಶ್ ಕಲಿಯೋಕೆ ಕೂತವರಿಗೆ ‘ದೆರೆಚೊ’ ಅನ್ನೋ ಪದ ಬೇಗನೇ ಎದುರಾಗುತ್ತದೆ. ದಾರಿ ಕೇಳಿದರೂ ಅದೇ, ವಕೀಲರ ಮಾತಲ್ಲೂ ಅದೇ, ಬಟ್ಟೆಯ ವಿಷಯ ಬಂದರೂ ಅದೇ. ನಿಘಂಟು ತೆಗೆದರೆ ಬಲ, ನೇರ, ಹಕ್ಕು, ಕಾನೂನು ಅಂತ ಅರ್ಥಗಳು ಸಾಲಾಗಿ ನಿಂತಿರುತ್ತವೆ. ನಾನು ಆ ಸಾಲನ್ನು ಬಾಯಿಪಾಠ ಮಾಡಲಿಲ್ಲ. ಪದದ ಅಕ್ಕಪಕ್ಕ ಏನಿದೆ ಅಂತ ನೋಡುತ್ತಾ ಹೋದೆ. ನನಗೆ ಅದೇ ಕೈಹಿಡಿಯಿತು.

ಮೊದಲು ಹಿಡಿದದ್ದು ಗುಣವಾಚಕವನ್ನು. ಕನ್ನಡದಲ್ಲಿ ‘ಬಲ’ ಅನ್ನೋದು ಕಣ್ಣಿಗೂ ಕೈಗೂ ಒಂದೇ ಥರ ಅಂಟಿಕೊಳ್ಳುತ್ತೆ, ಅಲ್ವಾ? ಸ್ಪ್ಯಾನಿಶ್‌ನಲ್ಲಿ ಹಾಗಲ್ಲ. ನಾಮಪದ ಪುಲ್ಲಿಂಗವಾದರೆ ದೆರೆಚೊ, ಸ್ತ್ರೀಲಿಂಗವಾದರೆ ದೆರೆಚಾ. ಬಲಗಣ್ಣು ‘ಎಲ್ ಓಹೊ ದೆರೆಚೊ’, ಬಲಗಾಲು ‘ಲಾ ಪಿಯೆರ್ನಾ ದೆರೆಚಾ’. ‘ಎಲ್’, ‘ಲಾ’ ಅನ್ನೋವು ಇಂಗ್ಲಿಷ್‌ನ ‘the’ ಥರದ ಪುಟ್ಟ ಪದಗಳು, ಎಲ್ ಪುಲ್ಲಿಂಗಕ್ಕೆ, ಲಾ ಸ್ತ್ರೀಲಿಂಗಕ್ಕೆ. ಕೈಗೆ ಹೇಳುವ ‘ಮಾನೊ’ ಓಕಾರದಲ್ಲಿ ಮುಗಿದರೂ ಸ್ತ್ರೀಲಿಂಗ, ಹಾಗಾಗಿ ‘ಲಾ ಮಾನೊ ದೆರೆಚಾ’. ಸ್ನಾನ ಮಾಡುವಾಗ ತೋಳಿಗೆ, ಕಾಲಿಗೆ, ಪಾದಕ್ಕೆ ಸೋಪು ಹಚ್ಚುತ್ತಾ ಒಂದೊಂದನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ. ಒತ್ತು ನಡುವಿನ ‘ರೆ’ ಮೇಲೆ ಬೀಳಬೇಕು. ಗಟ್ಟಿಯಾಗಿ ಹೇಳದೆ ಅದು ನಾಲಿಗೆಗೆ ಬರಲ್ಲ.

ಇಲ್ಲೊಂದು ಖುಷಿಯ ವಿಷಯ ಸಿಕ್ಕಿತು. ನಂಬಿಕೆಯ ಸಹಾಯಕನನ್ನು ನಾವು ‘ಅವರ ಬಲಗೈ’ ಅಂತೀವಿ, ಅವರೂ ‘ಮಾನೊ ದೆರೆಚಾ’ ಅಂತಾರೆ. ಹೊಸ ಸೊಸೆಗೆ ಬಲಗಾಲಿಟ್ಟು ಒಳಗೆ ಬಾ ಅಂತೀವಲ್ಲ, ಅವರಲ್ಲೂ ಯಾವುದೇ ಕೆಲಸ ಚೆನ್ನಾಗಿ ಶುರುವಾದರೆ ‘ಕೊನ್ ಎಲ್ ಪಿಯೆ ದೆರೆಚೊ’, ಅಂದರೆ ಬಲಗಾಲಿಟ್ಟು ಶುರುವಾಯಿತು ಅನ್ನುತ್ತಾರೆ. ಇಂಥವನ್ನು ಬರೆದಿಟ್ಟುಕೊಳ್ಳುವ ಅಗತ್ಯವೇ ಬೀಳಲಿಲ್ಲ.

ದಾರಿಯ ಮಾತಿನಲ್ಲಿ ಮಾತ್ರ ಕಿವಿ ಚುರುಕಾಗಿರಬೇಕು. ಮೆಕ್ಸಿಕೊ, ಕೊಲಂಬಿಯಾ ಕಡೆ ‘ಸಿಗಾ ದೆರೆಚೊ’ ಅಂದರೆ ನೇರ ಹೋಗಿ. ‘ಆ ಲಾ ದೆರೆಚಾ’ ಅಂದರೆ ಬಲಕ್ಕೆ. ಕೊನೆಯ ಸ್ವರವೊಂದನ್ನೇ ನಂಬಿಕೊಂಡರೆ ಗಡಿಬಿಡಿಯಲ್ಲಿ ತಪ್ಪಿಹೋಗುತ್ತದೆ. ನಾನು ನಂಬುವುದು ‘ಲಾ’ವನ್ನು. ‘ಲಾ’ ಕೇಳಿಸಿತೋ, ತಿರುಗಬೇಕು. ಕೇಳಿಸಲಿಲ್ಲವೋ, ನೇರ. ಸ್ಪೇನ್‌ನಲ್ಲಿ ನೇರ ಹೋಗಿ ಅನ್ನೋಕೆ ‘ತೋದೊ ರೆಕ್ತೊ’ ಅನ್ನುವುದೇ ಜಾಸ್ತಿ, ಹಾಗಾಗಿ ಅಲ್ಲಿ ಈ ತೊಡಕು ಕಡಿಮೆ.

ನಾಮಪದಕ್ಕೆ ಬಂದಾಗ ನಿಧಾನವಾಗಿ ಕೂತು ಓದಿದೆ. ಅದಕ್ಕೆ ನಾನು ಆರಿಸಿಕೊಂಡದ್ದು 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಪ್ಯಾರಿಸ್‌ನಲ್ಲಿ ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆ. ಅದು ಕನ್ನಡದಲ್ಲೂ ಇದೆ, ಸ್ಪ್ಯಾನಿಶ್‌ನಲ್ಲೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ವಿಧಿ ವಿಧಿಯಾಗಿ ಓದಿದೆ. ಮೂವತ್ತು ವಿಧಿಗಳಲ್ಲಿ ‘ತಿಯೆನೆ ದೆರೆಚೊ ಆ’ ಮತ್ತೆ ಮತ್ತೆ ಬರುತ್ತದೆ. 26ನೇ ವಿಧಿಯ ಮೊದಲ ವಾಕ್ಯ ‘ತೋದಾ ಪೆರ್ಸೋನಾ ತಿಯೆನೆ ದೆರೆಚೊ ಆ ಲಾ ಎದುಕಾಸಿಯೋನ್’. ಪ್ರತಿಯೊಬ್ಬರಿಗೂ ಶಿಕ್ಷಣದ ಹಕ್ಕಿದೆ ಅಂತ. ಕನ್ನಡದಲ್ಲಿ ‘ಹಕ್ಕಿದೆ’ ಅನ್ನುವ ಕಡೆ ಅಲ್ಲಿ ‘ದೆರೆಚೊ’ದ ಹಿಂದೆ ‘ತಿಯೆನೆ’, ಮುಂದೆ ‘ಆ’. ಈ ಮೂರನ್ನೂ ಬಿಡಿಸದೆ ಒಟ್ಟಿಗೇ ಕಲಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಜೊತೆಗೆ ಎಂಥ ಮಾತುಗಳನ್ನು ಓದುತ್ತಾ ಕಲಿಯುತ್ತೀವಿ ನೋಡಿ! ಹೋಟೆಲ್ ಬುಕ್ ಮಾಡುವ ಸಂಭಾಷಣೆಗಿಂತ ಇದು ಎಷ್ಟೋ ಮೇಲು.

ಅದೇ ಘೋಷಣೆಯ ಪೀಠಿಕೆಯಲ್ಲಿ ಇನ್ನೊಂದು ಒಳ್ಳೆಯ ವಾಕ್ಯ ಸಿಕ್ಕಿತು. ‘ದೆರೆಚೊಸ್ ಉಮಾನೊಸ್’ಗೆ ‘ರೆಹಿಮೆನ್ ದೆ ದೆರೆಚೊ’ದ ರಕ್ಷಣೆ ಬೇಕು ಅನ್ನುತ್ತದೆ ಅದು. ಮಾನವ ಹಕ್ಕುಗಳನ್ನು ಕಾನೂನಿನ ಆಡಳಿತ ಕಾಯಬೇಕು ಅಂತ. ಒಂದೇ ವಾಕ್ಯದಲ್ಲಿ ಹಕ್ಕೂ ದೆರೆಚೊ, ಕಾನೂನೂ ದೆರೆಚೊ! ಕಾನೂನಿನ ಅರ್ಥ ಬಂದ ಕಡೆ ಅಲ್ಲಿ ದೊಡ್ಡಕ್ಷರ ಹಾಕಿದ್ದಾರೆ. ಹಕ್ಕುಗಳು ಬಹುವಚನದಲ್ಲಿವೆ. ಕಾನೂನು ಓದುತ್ತಿದ್ದೇನೆ ಅನ್ನೋಕೆ ‘ಎಸ್ತುದಿಯೊ ದೆರೆಚೊ’, ನಡುವೆ ‘ಎಲ್’ ಕೂಡ ಬರಲ್ಲ. ಹಾಗಂತ ಬಹುವಚನವೆಲ್ಲ ಹಕ್ಕೇ ಅಂದುಕೊಳ್ಳಬೇಡಿ. ‘ದೆರೆಚೊಸ್ ದೆ ಆದುವಾನಾ’ ಅಂದರೆ ಕಸ್ಟಮ್ಸ್ ಸುಂಕ.

ಇನ್ನು ವಿರುದ್ಧಪದಗಳು. ಯಾವ ಅರ್ಥ ಅಂತ ಖಚಿತ ಮಾಡಿಕೊಳ್ಳೋಕೆ ನಾನು ಈಗಲೂ ಇವನ್ನೇ ಬಳಸುತ್ತೇನೆ. ಬಲಕ್ಕೆ ಎದುರು ‘ಇಸ್ಕಿಯೆರ್ದಾ’, ಎಡ. ಹಕ್ಕಿಗೆ ಎದುರು ‘ದೆಬೆರ್’, ಕರ್ತವ್ಯ. ನೇರಕ್ಕೆ ಎದುರು ‘ತೊರ್ಸಿದೊ’, ಸೊಟ್ಟ. ಬಟ್ಟೆಯ ಹೊರಮೈಗೆ ಎದುರು ‘ರೆಬೆಸ್’, ಒಳಮೈ. ಮಗು ಅಂಗಿ ಉಲ್ಟಾ ಹಾಕಿಕೊಂಡಿದ್ದರೆ ‘ಆಲ್ ದೆರೆಚೊ’ ಹಾಕಿಕೋ ಅನ್ನುತ್ತಾರೆ. ಹೆಣಿಗೆಯಲ್ಲೂ ದೆರೆಚೊ ಹೊಲಿಗೆ, ರೆಬೆಸ್ ಹೊಲಿಗೆ ಅಂತ ಎರಡಿವೆ. ಅಂದಹಾಗೆ, ದೆರೆಚೊ ಲ್ಯಾಟಿನ್‌ನ ‘ದಿರೆಕ್ತುಸ್’ನಿಂದ ಬಂದದ್ದು, ನೇರ ಅಂತ ಅದರ ಅರ್ಥ. ಎಡಕ್ಕೆ ಹೇಳುವ ಪದ ಮಾತ್ರ ಪಕ್ಕದ ಬಾಸ್ಕ್ ಭಾಷೆಯ ನಂಟಿನದು.

ಅನ್ಯಾಯ ಕಂಡಾಗ ಅವರು ‘ನೊ ಆಯ್ ದೆರೆಚೊ!’ ಅನ್ನುತ್ತಾರೆ. ಇದು ನ್ಯಾಯವಲ್ಲ ಅಂತ. ಸುಮ್ನೆ ಹೇಳೋ ಮಾತಲ್ಲ ಇದು, ಸಿಟ್ಟು ತುಂಬಿರುತ್ತದೆ. ಇದನ್ನು ಬಿಡಿಸಿ ನೋಡಬೇಡಿ, ಇಡಿಯಾಗಿ ಕಲಿತುಬಿಡಿ.

ಈಗ ಇದೇ ರೀತಿಯಲ್ಲಿ ‘ಪೆಂದಿಯೆಂತೆ’ ಅನ್ನೋ ಪದ ಕಲಿಯುತ್ತಿದ್ದೇನೆ. ಹಿಂದೆ ‘ಲಾ’ ಬಂದರೆ ಇಳಿಜಾರು. ಸ್ಪೇನ್‌ನಲ್ಲಿ ‘ಎಲ್’ ಬಂದರೆ ಕಿವಿಯೋಲೆ. ಗುಣವಾಚಕವಾದರೆ ಬಾಕಿ ಉಳಿದ ಕೆಲಸ. ಇದಕ್ಕೆ ತಕ್ಕ ಓದು ಇನ್ನೂ ಹುಡುಕಬೇಕು.