ಗರ್ಕಿನ್ ಗರಿಗರಿಯಾಗಿ ಕರಿಯಬೇಕಾದರೆ ಮೊದಲು ನೀರು ತೆಗೆಯಿರಿ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಉಪ್ಪುನೀರಲ್ಲಿ ಹಾಕಿಟ್ಟ ಸೌತೆ ಮಿಡಿಯನ್ನು ಕರಿದು ತಿನ್ನುತ್ತಾರೆ. ಇದಕ್ಕೆ ಬಾಟಲಿಯ ಗರ್ಕಿನ್, ಅಂದರೆ ಹೀಗೆ ಹಾಕಿಟ್ಟ ಪುಟ್ಟ ಸೌತೆ ಮಿಡಿ, ಸಾಕು. ರಫ್ತಿಗೆಂದು ನಮ್ಮ ಕರ್ನಾಟಕದಲ್ಲೇ ಬೆಳೆಯುತ್ತಾರೆ.

ಕಾಲು ಇಂಚು ದಪ್ಪಕ್ಕೆ ಬಿಲ್ಲೆ ಕತ್ತರಿಸಿ, ಬಟ್ಟೆಯ ಮೇಲೆ ಹರಡಿ, ಮೇಲಿಂದಲೂ ಒತ್ತಿ ಒರೆಸಿ. ಇಲ್ಲಿ ಅವಸರ ಬೇಡ. ತೇವ ಉಳಿದರೆ ಹಿಟ್ಟು ಕಳಚುತ್ತದೆ, ಎಣ್ಣೆಯೂ ಸಿಡಿಯುತ್ತದೆ. ಒಣ ಮೈದಾದಲ್ಲಿ ಹೊರಳಿಸಿ, ಆಮೇಲೆ ಮೈದಾ, ಅಕ್ಕಿ ಹಿಟ್ಟು, ಖಾರದ ಪುಡಿಗೆ ತಣ್ಣನೆಯ ಸೋಡಾ ನೀರು ಹಾಕಿ ಕಲಸಿದ ಹಿಟ್ಟಿನಲ್ಲಿ ಅದ್ದಿ. ಉಪ್ಪು ಬೇಡವೇ ಬೇಡ, ಕಾಯಲ್ಲೇ ಜಾಸ್ತಿ ಇರುತ್ತೆ ಅಲ್ವಾ.

ಎಣ್ಣೆ 180–190 ಡಿಗ್ರಿ ಸೆಲ್ಸಿಯಸ್ ಇರಲಿ. ಹನಿ ಹಿಟ್ಟು ಬಿಟ್ಟರೆ ತಕ್ಷಣ ಮೇಲೇಳಬೇಕು. ಸ್ವಲ್ಪ ಸ್ವಲ್ಪವೇ ಕರಿದು ಜಾಲರಿ ಮೇಲೆ ಹರಡಿ. ರಾಶಿ ಹಾಕಿದರೆ ಹಬೆಗೆ ಮೆತ್ತಗಾಗುತ್ತವೆ.