ಗಡಿ ಮುಚ್ಚಿದರೆ ಆಸ್ಪತ್ರೆ ಲೆಕ್ಕ ಏನಾಗುತ್ತೆ? ನೀವೇ ಮಾಡಿ ನೋಡಿ

ಕಾಸರಗೋಡಿನವರಿಗೆ ಇದು ಬರೀ ಪುಸ್ತಕದ ವಿಷಯ ಅಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣ ಕೇರಳ-ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಜನ ಎಷ್ಟು ಪರದಾಡಿದರು ಅಲ್ವಾ? ಹಾಗಾಗಿ ಇಂಥ ಹೊಡೆತವನ್ನು ನಮ್ಮ ಆಸ್ಪತ್ರೆ ವ್ಯವಸ್ಥೆ ತಡೆಯುತ್ತದಾ ಎಂದು ನೋಡಲು ಲೆಕ್ಕದ ಮಾದರಿ ಮಾಡುವಾಗ ಕಟ್ಟಡಗಳ ಪಟ್ಟಿ ಬೇಡ, ರೋಗಿ ಹೋಗುವ ದಾರಿಯಿಂದ ಶುರು ಮಾಡಿ. ಹಾಳೆಯಲ್ಲಿ ಮುಳ್ಳೇರಿಯ, ಬದಿಯಡ್ಕ, ಕುಂಬಳೆ, ಮಂಜೇಶ್ವರ ಅಂತ ನಮ್ಮ ಜಿಲ್ಲೆಯ ಊರುಗಳನ್ನು ಬರೆಯಿರಿ. ಡಯಾಲಿಸಿಸ್, ಹೆರಿಗೆ, ಹೃದಯಾಘಾತಕ್ಕೆ ಯಾರು ಎಲ್ಲಿಗೆ ಹೋಗುತ್ತಾರೆ ಎಂದು ಬೇರೆ ಬೇರೆ ಗೆರೆ ಎಳೆಯಿರಿ.

ಆಮೇಲೆ ಹಾಸಿಗೆ. ದಿನಕ್ಕೆ ಬರುವವರ ಸಂಖ್ಯೆಯನ್ನು ಅವರು ಉಳಿಯುವ ದಿನಗಳಿಂದ ಗುಣಿಸಿ, ಇದಕ್ಕೆ ಲಿಟಲ್ಸ್ ಲಾ ಅಂತಾರೆ. ದಿನಕ್ಕೆ 6 ಜನ, ತಲಾ 4 ದಿನ ಅಂದರೆ ಸರಾಸರಿ 24 ಹಾಸಿಗೆ ತುಂಬಿರುತ್ತವೆ. ಡಿಸ್ಚಾರ್ಜ್ ಒಂದು ದಿನ ತಡವಾದರೆ 30 ಬೇಕು, ರೋಗಿಗಳು ಒಬ್ಬರೂ ಜಾಸ್ತಿ ಬಂದಿಲ್ಲ! ಸರಾಸರಿಗೆ ಸರಿಯಾಗಿ ಹಾಸಿಗೆ ಇಟ್ಟರೆ ರಶ್ ಇರುವ ದಿನವೇ ಕೆಡುತ್ತದೆ. ವೆಂಟಿಲೇಟರ್ ಇದ್ದು ನರ್ಸ್ ಇಲ್ಲದಿದ್ದರೆ ಸೊನ್ನೆ ಎಂದೇ ಬರೆಯಿರಿ, ಸುಮ್ನೆ ಸಮಾಧಾನಕ್ಕೆ ಎಣಿಸಬೇಡಿ.

ಈಗ ಒಂದು ಗೆರೆ ಅಳಿಸಿ. ತಲಪಾಡಿ ಮುಚ್ಚಿತು ಅನ್ನಿ. ಆ ರೋಗಿಗಳು ಕಣ್ಣೂರಿನ ಕಡೆ ತಿರುಗಿದರೆ ಆಂಬ್ಯುಲೆನ್ಸ್ ವಾಪಸ್ ಬರಲು ಎಷ್ಟು ಹೊತ್ತು, ಅಷ್ಟರಲ್ಲಿ ಇನ್ನೊಂದು ಕರೆ ಬಂದರೆ? ಮುಂದಿನ ಸಲ ಲೆಕ್ಕಕ್ಕೆ ಮಳೆಗಾಲದ ಡೆಂಗಿ ರೋಗಿಗಳನ್ನು ಸೇರಿಸಿ, ಕರೆಂಟು ಹೋಯಿತು ಅನ್ನಿ. ಕಾಯುವ ಸಮಯ ಮೊದಲು ಎಲ್ಲಿ ಏರುತ್ತದೆ, ಮಾಮೂಲಿಗೆ ಬರಲು ಎಷ್ಟು ದಿನ ಹಿಡಿಯುತ್ತದೆ ಎಂದು ಗುರುತಿಸಿ. ದುಡ್ಡು ಹಾಕಬೇಕಾದ್ದು ಅಲ್ಲೇ. ಇಷ್ಟಕ್ಕೆ ಎಕ್ಸೆಲ್ ಸಾಕು.