ಇಟಲಿಯಲ್ಲಿ ಅಡುಗೆ ಕ್ಲಾಸ್ ಸೇರುವವರಿಗೆ

ಇಟಲಿ ಪ್ರವಾಸದಲ್ಲಿ ಒಂದು ಅಡುಗೆ ಕ್ಲಾಸ್ ಸೇರಬೇಕು ಅಂತಿದ್ದರೆ, ಮೊದಲು ಊರು ನೋಡಿ ಆರಿಸಿ. ಅಲ್ಲಿ ಊರಿಂದ ಊರಿಗೆ ಪಾಸ್ತಾ ಬೇರೆ. ಬೊಲೊನ್ಯಾದಲ್ಲಿ ಮೊಟ್ಟೆ ಹಾಕಿಯೇ ಹಿಟ್ಟು ಕಲಸುತ್ತಾರೆ, 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಲೆಕ್ಕ. ಉದ್ದನೆಯ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸಿ ತಾಲ್ಯಾತೆಲ್ಲೆ (ಉದ್ದ ಪಟ್ಟಿಯಂಥ ಪಾಸ್ತಾ) ಕತ್ತರಿಸುವುದನ್ನು ಕಲಿಯಲು ಅದಕ್ಕಿಂತ ಒಳ್ಳೆ ಊರಿಲ್ಲ. ಮೊಟ್ಟೆ ತಿನ್ನದವರು ದಕ್ಷಿಣಕ್ಕೆ, ಬಾರಿ ಅನ್ನೋ ಊರಿನ ಕಡೆ ಹೋಗಿ. ಅಲ್ಲಿನ ಪುಟ್ಟ ಕಿವಿಯಾಕಾರದ ಪಾಸ್ತಾ ಒರೆಕ್ಕಿಯೆತ್ತೆಗೆ ನುಣ್ಣನೆಯ ಗೋಧಿ ರವೆ, ನೀರು ಇಷ್ಟೇ. ಹಿಟ್ಟಿನ ತುಂಡನ್ನು ಚಾಕುವಿನಿಂದ ಎಳೆದು ಹೆಬ್ಬೆರಳಿನ ಮೇಲೆ ಮಗುಚುತ್ತಾರೆ, ನೋಡೋಕೇ ಚೆಂದ.

ಬುಕ್ ಮಾಡುವಾಗ ಬರೀ 'ಸಸ್ಯಾಹಾರಿ' ಅಂದರೆ ಸಾಲದು. ಏನೇನು ತಿನ್ನಲ್ಲ ಅಂತ ಬಿಡಿಸಿ ಬರೆಯಿರಿ. ತೊರ್ತೆಲ್ಲಿನಿ ಅನ್ನೋ ಹೂರಣ ತುಂಬಿದ ಪುಟ್ಟ ಪಾಸ್ತಾದಲ್ಲಿ ಹಂದಿಮಾಂಸ ಇರುತ್ತದೆ. ಅದರ ಬದಲು ರಿಕೊತ್ತಾ (ಮೆತ್ತನೆಯ ಚೀಸ್) ತುಂಬಿದ, ಅದಕ್ಕಿಂತ ದೊಡ್ಡದಾದ ತೊರ್ತೆಲ್ಲೋನಿ ಕೇಳಿ. ಪಾರ್ಮಿಜಾನೊ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ! ತೊರ್ತೆಲ್ಲೋನಿ ಹೂರಣಕ್ಕೂ ಸಾಮಾನ್ಯವಾಗಿ ಈ ಚೀಸ್ ಬೀಳುತ್ತದೆ. ಬೇಡವಾದರೆ ಮೊದಲೇ ಹೇಳಿ.

ಒಬ್ಬೊಬ್ಬರಿಗೂ ಲಟ್ಟಿಸೋಕೆ ಬೇರೆ ಮಣೆ ಕೊಡುತ್ತಾರಾ ಅಂತಲೂ ಕೇಳಿ. ಸುಮ್ನೆ ನಿಂತು ನೋಡುವ ಕ್ಲಾಸಿಗೆ ಜಾಸ್ತಿ ದುಡ್ಡು ಯಾಕೆ, ಅಲ್ವಾ? ಕ್ಲಾಸನ್ನು ಪ್ರವಾಸದ ಮೊದಲ ದಿನಗಳಲ್ಲೇ ಇಟ್ಟುಕೊಳ್ಳಿ. ಆಮೇಲೆ ಮಾರ್ಕೆಟ್ ಸುತ್ತುವಾಗ ಏನು ಕೊಳ್ಳಬೇಕು ಅಂತ ಗೊತ್ತಿರುತ್ತದೆ.